ಚಾಂಪಿಯನ್ನರು ತಿಂದ ಗುದ್ದುಗಳನ್ನು ತೂಗುವುದು ಹೇಗೆ?

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ಸೋದರಳಿಯ ಊಟಕ್ಕೆ ಕುಳಿತಲ್ಲೇ ಬಾಕ್ಸಿಂಗ್ ಬಗ್ಗೆ ವಾದ ತೆಗೆದ. “ಮಾವ, ಟೈಸನ್ ಫ್ಯೂರಿ ಎದುರಿಸಿದಂಥ ಗುದ್ದನ್ನು ನಿಮ್ಮ ಮಹಮ್ಮದ್ ಅಲಿ ಎಂದೂ ಎದುರಿಸಿಲ್ಲ. 2018ರ ಡಿಸೆಂಬರಿನಲ್ಲಿ ಫ್ಯೂರಿಯ ಮುಂದೆ ನಿಂತಾಗ ಡಿಯಾಂಟೇ ವೈಲ್ಡರ್ ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದ, ಅದರಲ್ಲಿ 39 ನಾಕೌಟ್. ಶೇಕಡಾ 97.5. ಲೆಕ್ಕ ನಿಮ್ಮ ಕಸುಬು, ನೀವೇ ಹೇಳಿ” ಎಂದ.

ಹೌದು, ಲೆಕ್ಕ ನನ್ನ ಕಸುಬು. ಸಹಕಾರ ಸಂಘಗಳ ಲೆಕ್ಕ ತಪಾಸಣೆಯಲ್ಲಿ 34 ವರ್ಷ ಕಳೆದವನು ನಾನು. ಸಂಘವೊಂದರ ವರದಿಯಲ್ಲಿ ಸಾಲ ವಸೂಲಾತಿ ಶೇಕಡಾ 97 ಎಂದು ಕಂಡರೆ ನಾನು ಮೆಚ್ಚಿಕೊಂಡು ಸಹಿ ಹಾಕಿದ್ದಿಲ್ಲ. ಸಾಲ ಕೊಟ್ಟದ್ದು ಯಾರಿಗೆ, ತೀರಿದ್ದು ಹೇಗೆ, ಹಳೆಯ ಸಾಲದ ಮೇಲೆ ಹೊಸ ಸಾಲ ಬರೆದು ಕಾಗದದಲ್ಲೇ ವಸೂಲಿ ತೋರಿಸಿದ್ದಾರೆಯೇ ಎಂದು ಒಂದೊಂದೇ ವೋಚರ್ ತೆಗೆದು ನೋಡುತ್ತಿದ್ದೆ. ನಾಕೌಟ್ ಎಂದರೆ ಎದುರಾಳಿಯನ್ನು ಅವಧಿಗೆ ಮುನ್ನವೇ ಮುಗಿಸಿ ಗೆಲ್ಲುವುದು. ಅದರ ಶೇಕಡಾವಾರು ಅಂಥದೇ ಒಂದು ವಸೂಲಾತಿ ಅಂಕಿ. ಅಂಕಿ ಸುಳ್ಳಲ್ಲ, ಆದರೆ ಅದರ ಹಿಂದಿನ ವೋಚರುಗಳನ್ನು ನೋಡದೆ ಅದರ ಬೆಲೆ ತಿಳಿಯುವುದಿಲ್ಲ.

ಆ ವೋಚರುಗಳನ್ನು ನೋಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿವೃತ್ತಿಯ ನಂತರ ಉದ್ದನೆಯ ಲೆಡ್ಜರಿನಲ್ಲಿ ಹೆವಿವೇಟ್, ಅಂದರೆ ಅತಿ ಹೆಚ್ಚು ತೂಕದ ವರ್ಗದ, ಚಾಂಪಿಯನ್ನರಿಗೆ ತಲಾ ಒಂದು ಪುಟ ತೆರೆದಿದ್ದೇನೆ. ಪುಟದ ಎಡಗಡೆ ಅವನು ಎದುರಿಸಿದವರ ಹೆಸರು, ಬಲಗಡೆ ಅವರ ಗುದ್ದಿನ ತೂಕ. ಯಾವ ಚಾಂಪಿಯನ್ ಹೆಚ್ಚು ಬಲದ ಗುದ್ದುಗಾರರ ನಡುವೆ ಬದುಕಿದ ಎಂಬುದು ಹೀಗೆ ಮಾಡಿದಾಗ ಮಾತ್ರ ಕಾಣುತ್ತದೆ.

ಶೇಕಡಾವಾರನ್ನು ಮೊದಲು ಸರಿಯಾಗಿ ಕಟ್ಟಿ, ಆಮೇಲೆ ಪಕ್ಕಕ್ಕಿಡಿ

ಎದುರಾಳಿಯ ಇಡೀ ವೃತ್ತಿಜೀವನದ ಅಂಕಿಯನ್ನು ತೆಗೆದುಕೊಳ್ಳಬೇಡಿ. ಆ ಪಂದ್ಯದ ಹಿಂದಿನ ರಾತ್ರಿ ಅವನ ಖಾತೆಯಲ್ಲಿ ಏನಿತ್ತೋ ಅದನ್ನು ಬರೆಯಿರಿ. ವರ್ಷಾಂತ್ಯದ ಶಿಲ್ಕನ್ನು ಜೂನ್ ತಿಂಗಳ ಶಿಲ್ಕು ಎಂದು ತೋರಿಸುವಂತಿಲ್ಲ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿಯ ಎದುರಿಗೆ ಬಂದ ಜಾರ್ಜ್ ಫೋರ್‌ಮನ್ ಖಾತೆಯಲ್ಲಿ 40 ಗೆಲುವು, 37 ನಾಕೌಟ್ ಇದ್ದವು, ಸೋಲು ಒಂದೂ ಇರಲಿಲ್ಲ. ಅಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಯಾಗಿದ್ದಾಗ ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ. ನಾನಾಗ ಪಿಯುಸಿ ವಿದ್ಯಾರ್ಥಿ. ಅಲಿ ಗೆದ್ದನೆಂದು ತಿಳಿದದ್ದು ಸಂಜೆಯ ರೇಡಿಯೋ ವಾರ್ತೆಯಲ್ಲಿ. ಆ ಫೋರ್‌ಮನ್ನನಿಗೆ 25 ವರ್ಷ. ಮುಂದೆ 76 ಗೆಲುವು, 68 ನಾಕೌಟ್ ಎಂಬ ದೊಡ್ಡ ಮೊತ್ತ ಸೇರಿದ್ದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಲ್ಲಿ.

ಭಾಗಿಸುವಾಗ ಗೆಲುವುಗಳಿಂದ ಭಾಗಿಸಬೇಡಿ, ಆಡಿದ ಪಂದ್ಯಗಳಿಂದ ಭಾಗಿಸಿ. 1977ರ ಸೆಪ್ಟೆಂಬರ್ 29ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿಯನ್ನು ಎದುರಿಸಿದ ಅರ್ನಿ ಶೇವರ್ಸ್ 54 ಗೆದ್ದಿದ್ದ, 5 ಸೋತಿದ್ದ, ಒಂದು ಸಮ. ನಾಕೌಟ್ 52. ಗೆಲುವಿನಿಂದ ಭಾಗಿಸಿದರೆ ಶೇಕಡಾ 96, ಆಡಿದ 60 ಪಂದ್ಯಗಳಿಂದ ಭಾಗಿಸಿದರೆ 87ಕ್ಕಿಂತ ಸ್ವಲ್ಪ ಕಡಿಮೆ. ಸೋತ ಪಂದ್ಯಗಳಲ್ಲೂ ಅವನು ಗುದ್ದಿದ್ದಾನೆ, ಎದುರಿನವನು ಬೀಳಲಿಲ್ಲ. ಆ ಸಂಗತಿಯೂ ಲೆಕ್ಕಕ್ಕೆ ಬರಬೇಕು.

ಇಷ್ಟು ಮಾಡಿ ಆ ಅಂಕಿಯನ್ನು ಪೆನ್ಸಿಲಿನಲ್ಲಿ ಒಂದು ಮೂಲೆಯಲ್ಲಿ ಬರೆದಿಡಿ. ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ಅದನ್ನೇ ನಂಬಿದ್ದೆ. ಪರಿಣಾಮವಾಗಿ ಪ್ರಿಮೊ ಕಾರ್ನೆರಾ ಸೋನಿ ಲಿಸ್ಟನ್‌ಗಿಂತ ಮೇಲೆ ಕುಳಿತಿದ್ದ. ಕಾರ್ನೆರಾನ ಹೆಸರಿನಲ್ಲಿ 70ಕ್ಕೂ ಹೆಚ್ಚು ನಾಕೌಟ್‌ಗಳಿವೆ. ಅವುಗಳಲ್ಲಿ ಹಲವು ಮೊದಲೇ ಒಪ್ಪಿಕೊಂಡು ಬಿದ್ದ ಪಂದ್ಯಗಳೆಂದು ಅವನ ಕಾಲದಿಂದಲೂ ಆರೋಪವಿದೆ. 1934ರಲ್ಲಿ ಮ್ಯಾಕ್ಸ್ ಬೇರ್ ಅವನನ್ನು ಒಂದೇ ಪಂದ್ಯದಲ್ಲಿ 11 ಬಾರಿ ಕೆಡವಿ ಪಟ್ಟ ಕಿತ್ತುಕೊಂಡ. ಇನ್ನೊಂದು ತುದಿಯಲ್ಲಿ ಆರ್ಚಿ ಮೂರ್. 130ಕ್ಕೂ ಹೆಚ್ಚು ನಾಕೌಟ್‌ಗಳು, ಎಲ್ಲವೂ ಬೆವರು ಸುರಿಸಿ ಗಳಿಸಿದ್ದು. ಆದರೆ ಅವುಗಳಲ್ಲಿ ಹೆಚ್ಚಿನವು ಹೆವಿವೇಟ್‌ಗಿಂತ ಕೆಳಗಿನ ತೂಕದವರ ಮೇಲೆ. 1955ರಲ್ಲಿ ರಾಕಿ ಮಾರ್ಸಿಯಾನೊ ಎದುರಿಸಿದ ಮೂರ್‌ನನ್ನು ತೂಗುವಾಗ ಆ ದೊಡ್ಡ ಸಂಖ್ಯೆಯನ್ನು ಹಾಗೆಯೇ ಎತ್ತಿಡಲಾಗದು. ಮಾರ್ಸಿಯಾನೊನನ್ನು ಅವನು ಎರಡನೇ ಸುತ್ತಿನಲ್ಲಿ ಕೆಡವಿದ ಎಂಬ ಒಂದು ಸಾಲು ಆ 130ಕ್ಕಿಂತ ಹೆಚ್ಚು ಹೇಳುತ್ತದೆ.

ಬಿದ್ದವರು ಯಾರು?

ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. ಪ್ರತಿಯೊಬ್ಬ ಎದುರಾಳಿಯ ಹೆಸರಿನ ಕೆಳಗೆ ಅವನು ಕೆಡವಿದ ಐವರು ಅತ್ಯುತ್ತಮ ಬಾಕ್ಸರ್‌ಗಳನ್ನು ಬರೆಯಿರಿ, ಐದೇ ಸಾಕು. ಆಮೇಲೆ ಆ ಐವರ ಖಾತೆಗಳನ್ನೂ ತೆರೆಯಿರಿ. ಅವರಲ್ಲಿ ಒಬ್ಬೊಬ್ಬನನ್ನೂ ಬೇರೆ ಯಾರಾದರೂ ಕೆಡವಿದ್ದರೇ? ಎಷ್ಟು ಜನ? ಬಿದ್ದಾಗ ಅವನ ವಯಸ್ಸೆಷ್ಟು?

ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ತೆಗೆದುಕೊಳ್ಳಿ. ಲಿಸ್ಟನ್ ಅವನನ್ನು 1962ರಲ್ಲಿ ಮತ್ತು 1963ರಲ್ಲಿ, ಎರಡು ಸಲವೂ ಮೊದಲ ಸುತ್ತಿನಲ್ಲೇ ಮುಗಿಸಿದ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಪ್ಯಾಟರ್ಸನ್ ಸುಲಭವಾಗಿ ನೆಲ ಕಾಣುತ್ತಿದ್ದ ಬಾಕ್ಸರ್. 1959ರಲ್ಲಿ ಇಂಗೆಮರ್ ಜೋಹಾನ್ಸನ್ ಅವನನ್ನು ಒಂದೇ ಸುತ್ತಿನಲ್ಲಿ ಏಳು ಬಾರಿ ಕೆಡವಿದ್ದ. ಹಾಗಾಗಿ ಲಿಸ್ಟನ್‌ನ ಪುಟದಲ್ಲಿ ಪ್ಯಾಟರ್ಸನ್‌ಗಿಂತ ಝೋರಾ ಫೋಲಿ ಮತ್ತು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರ ಹೆಸರುಗಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಫೋಲಿಯನ್ನು ಮೂರು ಸುತ್ತಿನಲ್ಲಿ, ವಿಲಿಯಮ್ಸ್‌ನನ್ನು ಒಮ್ಮೆ ಮೂರು, ಒಮ್ಮೆ ಎರಡು ಸುತ್ತಿನಲ್ಲಿ ಅವನು ಮುಗಿಸಿದ್ದ.

ಫೋರ್‌ಮನ್ ಪುಟ ಬೇರೆಯದೇ ಜಾತಿಯದು. 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಅಲ್ಲಿಯವರೆಗೆ 29 ಪಂದ್ಯಗಳಲ್ಲಿ ಒಂದನ್ನೂ ಸೋಲದ ಜೋ ಫ್ರೇಜಿಯರ್‌ನನ್ನು ಎರಡು ಸುತ್ತುಗಳಲ್ಲಿ ಆರು ಬಾರಿ ನೆಲಕ್ಕೆ ಹಾಕಿದ. ಫ್ರೇಜಿಯರ್‌ನನ್ನು ಅವಧಿಗೆ ಮುನ್ನ ನಿಲ್ಲಿಸಿದವರು ಅವನ ಇಡೀ ವೃತ್ತಿಜೀವನದಲ್ಲಿ ಇಬ್ಬರೇ: ಫೋರ್‌ಮನ್ ಎರಡು ಸಲ, ಮನಿಲಾದಲ್ಲಿ 14 ಸುತ್ತುಗಳ ನಂತರ ಅಲಿ. ಇಂಥವನನ್ನು ಆರು ಸಲ ಕೆಡವುವುದು ನಲವತ್ತು ಸಾಮಾನ್ಯ ನಾಕೌಟ್‌ಗಳಿಗೆ ಸಮ ಎಂದು ನಾನು ಎಣಿಸುತ್ತೇನೆ.

ಗೆರಿ ಕೂನಿಯ ಪುಟವನ್ನು ಎಚ್ಚರದಿಂದ ಓದಬೇಕು. 1982ರಲ್ಲಿ ಲ್ಯಾರಿ ಹೋಮ್ಸ್ ಎದುರಿಗೆ ಬರುವಾಗ ಅವನದು 25 ಗೆಲುವು, 21 ನಾಕೌಟ್. ಪಟ್ಟಿಯಲ್ಲಿ ದೊಡ್ಡ ಹೆಸರುಗಳೇ ಇವೆ: ರಾನ್ ಲೈಲ್ ಮೊದಲ ಸುತ್ತಿನಲ್ಲಿ, ಕೆನ್ ನಾರ್ಟನ್ 54 ಸೆಕೆಂಡುಗಳಲ್ಲಿ. ವಯಸ್ಸಿನ ಕಲಂ ತುಂಬಿದಾಗ ಚಿತ್ರ ಬದಲಾಗುತ್ತದೆ. ಲೈಲ್‌ಗೆ 39, ನಾರ್ಟನ್‌ಗೆ 37. ಅದರ ಮೇಲೆ ನಾರ್ಟನ್ ಬಲದ ಗುದ್ದುಗಾರರ ಎದುರು ಬೇಗ ಕುಸಿಯುತ್ತಿದ್ದ. ಕೂನಿಗಿಂತ ಮೊದಲೇ ಫೋರ್‌ಮನ್ ಅವನನ್ನು ಎರಡು ಸುತ್ತಿನಲ್ಲಿ, ಶೇವರ್ಸ್ ಒಂದು ಸುತ್ತಿನಲ್ಲಿ ಮುಗಿಸಿದ್ದರು. ಕೂನಿಯ ಎಡಗೈ ಹುಕ್, ಅಂದರೆ ತೋಳು ಬಾಗಿಸಿ ಪಕ್ಕದಿಂದ ಬೀಸುವ ಗುದ್ದು, ನಿಜಕ್ಕೂ ಭಾರಿಯಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಎರಡು ವೋಚರುಗಳಷ್ಟರಿಂದಲೇ ಅದನ್ನು ಸಾಧಿಸಲಾಗದು.

ತೂಕದ ಕಲ್ಲುಗಳನ್ನು ಆರಿಸಿಕೊಳ್ಳಿ

ಸಂತೆಯಲ್ಲಿ ತಕ್ಕಡಿಗೆ ಕಲ್ಲು ಬೇಕಾದಂತೆ ನಮಗೂ ಕೆಲವು ಬಾಕ್ಸರ್‌ಗಳು ಬೇಕು, ಎಲ್ಲರ ಗುದ್ದನ್ನೂ ತಿಂದು ಸ್ಥಿರವಾಗಿ ನಿಂತವರು. 1960 ಮತ್ತು 70ರ ದಶಕಗಳಿಗೆ ನನ್ನ ಕಲ್ಲು ಕೆನಡಾದ ಜಾರ್ಜ್ ಚುವಾಲೊ. 93 ಪಂದ್ಯ ಆಡಿದ ಈ ಮನುಷ್ಯ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ಅಲಿಯೊಂದಿಗೆ 1966ರಲ್ಲಿ 15 ಸುತ್ತು, 1972ರಲ್ಲಿ 12 ಸುತ್ತು ನಿಂತೇ ಆಡಿದ. ಅದೇ ಚುವಾಲೊನನ್ನು ಫ್ರೇಜಿಯರ್ ನಾಲ್ಕನೇ ಸುತ್ತಿನಲ್ಲಿ, ಫೋರ್‌ಮನ್ ಮೂರನೇ ಸುತ್ತಿನಲ್ಲಿ ರೆಫರಿ ಅಡ್ಡ ಬಂದು ಪಂದ್ಯ ನಿಲ್ಲಿಸುವಂತೆ ಮಾಡಿದರು. ಕೆಡವಲು ಅವರಿಗೂ ಆಗಲಿಲ್ಲ. ಆದರೂ ಮೂವರ ಗುದ್ದಿನ ಅಂತರ ಈ ಒಬ್ಬನ ಮೈಮೇಲೆ ಸ್ಪಷ್ಟವಾಗಿ ಬರೆದಿದೆ.

ಮುಂದಿನ ಕಾಲಕ್ಕೆ ಲ್ಯಾರಿ ಹೋಮ್ಸ್ ಒಳ್ಳೆಯ ಕಲ್ಲು. 75 ಪಂದ್ಯಗಳಲ್ಲಿ ಅವನನ್ನು ಅವಧಿಗೆ ಮುನ್ನ ನಿಲ್ಲಿಸಿದವನು ಒಬ್ಬನೇ, 1988ರ ಜನವರಿಯಲ್ಲಿ ಮೈಕ್ ಟೈಸನ್, ನಾಲ್ಕನೇ ಸುತ್ತಿನಲ್ಲಿ. ಹೋಮ್ಸ್‌ಗೆ ಆಗ 38 ವರ್ಷ, ಸುಮಾರು ಎರಡು ವರ್ಷ ರಿಂಗ್‌ನಿಂದ ದೂರವಿದ್ದ. ಅದಕ್ಕೆ ಸ್ವಲ್ಪ ಕಳೆಯಬೇಕು. ಆದರೆ ಆಮೇಲೂ 2002ರವರೆಗೆ, 50 ದಾಟಿದ ಮೇಲೂ ಆಡಿದ ಅವನನ್ನು ಇನ್ನಾರೂ ನಿಲ್ಲಿಸಲಿಲ್ಲ ಎಂಬುದಕ್ಕೆ ಅಷ್ಟನ್ನೇ ಮತ್ತೆ ಕೂಡಿಸುತ್ತೇನೆ.

ಸೋಲಿಸಿದ ರೀತಿ

ದಾಖಲೆಯಲ್ಲಿ ನಾಕೌಟ್ ಎಂದು ಒಂದೇ ಹೆಸರಿನಲ್ಲಿ ಸೇರಿಕೊಳ್ಳುವ ಗೆಲುವುಗಳು ಹಲವು ಬಗೆ. ಹತ್ತು ಎಣಿಸಿದರೂ ಏಳಲಾಗದೆ ಉಳಿಯುವುದು ಒಂದು. ನಿಂತಲ್ಲೇ ತತ್ತರಿಸುವವನನ್ನು ರೆಫರಿ ರಕ್ಷಿಸುವುದು ಇನ್ನೊಂದು. ಹುಬ್ಬು ಸೀಳಿ ರಕ್ತ ನಿಲ್ಲದೆ ವೈದ್ಯರು ತಡೆಯುವುದು, ಭುಜ ಹಿಡಿದುಕೊಂಡು ಮೂಲೆಯಲ್ಲೇ ಕುಳಿತುಬಿಡುವುದು, ಇವಕ್ಕೂ ಗುದ್ದಿನ ಭಾರಕ್ಕೂ ಸಂಬಂಧ ಬಹಳ ಸಡಿಲ. 2003ರ ಜೂನ್ 21ರಂದು ಲೆನಾಕ್ಸ್ ಲೂಯಿಸ್ ವಿಟಾಲಿ ಕ್ಲಿಟ್ಸ್ಕೊನನ್ನು ಆರು ಸುತ್ತುಗಳ ನಂತರ ಗೆದ್ದದ್ದು ಕಣ್ಣಿನ ಮೇಲಿನ ಗಾಯದಿಂದ. ಅದನ್ನು ಲೂಯಿಸ್ ಖಾತೆಯಲ್ಲಿ ಬಲದ ಗುದ್ದಿನ ಸಾಕ್ಷಿ ಎಂದು ನಾನು ಬರೆದಿಲ್ಲ.

ಯಾವ ಸುತ್ತಿನಲ್ಲಿ ಎಂಬುದನ್ನೂ ಗುರುತು ಹಾಕಿ. ಕೆಲವರ ಬಲ ಮೊದಲ ನಾಲ್ಕು ಸುತ್ತಿಗೆ ಬತ್ತುತ್ತದೆ, ಕೆಲವರದು ಕೊನೆಯವರೆಗೂ ಉಳಿಯುತ್ತದೆ. 1971ರ ಮಾರ್ಚ್ 8ರಂದು ಫ್ರೇಜಿಯರ್ ಅಲಿಯನ್ನು ಕೆಡವಿದ ಎಡ ಹುಕ್ ಬಂದದ್ದು ಹದಿನೈದನೇ ಸುತ್ತಿನಲ್ಲಿ. ಹದಿನಾಲ್ಕು ಸುತ್ತು ಗುದ್ದಿ, ಗುದ್ದಿಸಿಕೊಂಡು ದಣಿದ ತೋಳಿನಲ್ಲಿ ಅಷ್ಟು ಉಳಿದಿತ್ತು. ಡೇವಿಡ್ ಟುವಾನ ಪುಟದಲ್ಲೂ ಇಂಥದು ಇದೆ. 1996ರಲ್ಲಿ ಜಾನ್ ರುಯಿಜ್‌ನನ್ನು 19 ಸೆಕೆಂಡುಗಳಲ್ಲಿ ಮಲಗಿಸಿದ ಅದೇ ಟುವಾ, ಮರುವರ್ಷ ಒಲೆಗ್ ಮಸ್ಕಾಯೆವ್‌ನನ್ನು ಹನ್ನೊಂದನೇ ಸುತ್ತಿನಲ್ಲಿ ಮುಗಿಸಿದ.

ವಯಸ್ಸಿನ ವಿಷಯದಲ್ಲಿ ಒಂದು ಮಾತು. ಬಿದ್ದವನ ವಯಸ್ಸನ್ನು ಕಳೆಯಿರಿ, ಗುದ್ದಿದವನ ವಯಸ್ಸನ್ನು ಅಷ್ಟು ಸುಲಭವಾಗಿ ಕಳೆಯಬೇಡಿ. ಮೊದಲು ಕಾಲಿನ ಚುರುಕು ಹೋಗುತ್ತದೆ, ಆಮೇಲೆ ಕಣ್ಣಿನ ಅಂದಾಜು. ಗುದ್ದಿನ ಭಾರ ಬಹಳ ಕಾಲ ಉಳಿಯುತ್ತದೆ. ಹತ್ತು ವರ್ಷ ರಿಂಗ್ ಬಿಟ್ಟು ಮರಳಿದ ಫೋರ್‌ಮನ್ 1994ರ ನವೆಂಬರ್ 5ರಂದು, 45ನೇ ವಯಸ್ಸಿನಲ್ಲಿ, ಒಂಬತ್ತು ಸುತ್ತು ಹಿಂದೆ ಬಿದ್ದಿದ್ದರೂ ಹತ್ತನೇ ಸುತ್ತಿನ ಬಲಗೈ ಗುದ್ದಿನಿಂದ ಮೈಕೆಲ್ ಮೂರರ್‌ನನ್ನು ಮಲಗಿಸಿ ಪಟ್ಟ ಮರಳಿ ಪಡೆದ. ಆದ್ದರಿಂದಲೇ ಗೆಲುವು, ಸೋಲು, ಲಯ ಇವುಗಳನ್ನು ಪಂದ್ಯದ ಹಿಂದಿನ ರಾತ್ರಿಗೆ ಕಟ್ಟಿಹಾಕುವ ನಾನು, ಬಲಕ್ಕೆ ಮಾತ್ರ ನಂತರದ ಸಾಕ್ಷ್ಯವನ್ನೂ ಒಪ್ಪುತ್ತೇನೆ. ಶೇವರ್ಸ್ 1979ರಲ್ಲಿ ನಾರ್ಟನ್‌ನನ್ನು ಒಂದೇ ಸುತ್ತಿನಲ್ಲಿ ಮುಗಿಸಿದ್ದು, ಅದೇ ವರ್ಷ ಏಳನೇ ಸುತ್ತಿನಲ್ಲಿ ಹೋಮ್ಸ್‌ನನ್ನು ಕೆಡವಿದ್ದು, ಎರಡು ವರ್ಷ ಹಿಂದೆ ಅಲಿ ತಿಂದ ಗುದ್ದು ಎಂಥದು ಎಂಬುದಕ್ಕೂ ಸಾಕ್ಷಿಯೇ.

ಚಾಂಪಿಯನ್ ಬಿದ್ದ ಎಂಬುದನ್ನು ಬೇರೆ ಕಲಂನಲ್ಲಿಡಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಅಲಿ ತನ್ನ ಜೀವನದಲ್ಲಿ ನಾಲ್ಕು ಬಾರಿ ನೆಲ ಮುಟ್ಟಿದ್ದಾಗಿ ದಾಖಲಾಗಿದೆ: 1962ರಲ್ಲಿ ಸನ್ನಿ ಬ್ಯಾಂಕ್ಸ್, 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಫ್ರೇಜಿಯರ್, 1975ರಲ್ಲಿ ಚಕ್ ವೆಪ್ನರ್. ಕೊನೆಯದು ಕಾಲು ತುಳಿದದ್ದರಿಂದ ಎಂದು ಅಲಿ ಹೇಳುತ್ತಿದ್ದ. ಈ ಪಟ್ಟಿಯಲ್ಲಿ ಲಿಸ್ಟನ್ ಇಲ್ಲ, ಫೋರ್‌ಮನ್ ಇಲ್ಲ, ಶೇವರ್ಸ್ ಇಲ್ಲ. ಹಾಗೆಂದು ಬ್ಯಾಂಕ್ಸ್‌ನ ಗುದ್ದು ಫೋರ್‌ಮನ್ನನ ಗುದ್ದಿಗಿಂತ ಭಾರ ಎಂದು ಬಾಕ್ಸಿಂಗ್ ನೋಡಿದ ಯಾರೂ ಹೇಳಲಾರರು. ಬೀಳುವುದು ಗುದ್ದಿನ ಭಾರ, ತಗುಲಿದ ಜಾಗ, ತಿಂದವನ ಎಚ್ಚರ, ಕಾಲಿನ ನಿಲುವು ಎಲ್ಲ ಕೂಡಿದ ಫಲ. ಕಾಣದೆ ಬಂದ ಗುದ್ದು ಕಂಡು ತಿಂದ ಗುದ್ದಿಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ.

ಲೂಯಿಸ್‌ನ ಎರಡು ಸೋಲುಗಳೂ ಹೀಗೆಯೇ. 1994ರಲ್ಲಿ ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲಿ, 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಂ ರಹಮಾನ್ ಐದನೇ ಸುತ್ತಿನಲ್ಲಿ, ಇಬ್ಬರೂ ಒಂದೊಂದು ಬಲಗೈ ಗುದ್ದಿನಿಂದ ಅವನನ್ನು ಉರುಳಿಸಿದರು. ಟುವಾನೊಂದಿಗೆ ಹನ್ನೆರಡು ಸುತ್ತು ಆಡಿಯೂ ಅವನು ಬೀಳಲಿಲ್ಲ, ಏಕೆಂದರೆ ಕೈ ನೇರ ಚಾಚಿ ಹೊಡೆಯುವ ಉದ್ದನೆಯ ಜ್ಯಾಬ್‌ನಿಂದ ಟುವಾನನ್ನು ಹತ್ತಿರ ಬಿಡಲೇ ಇಲ್ಲ. ಫ್ಯೂರಿಯ ಪುಟದಲ್ಲೂ ಇಂಥ ಸಾಲೊಂದಿದೆ. 2023ರ ಅಕ್ಟೋಬರಿನಲ್ಲಿ ಅವನನ್ನು ಕೆಡವಿದ ಫ್ರಾನ್ಸಿಸ್ ಗಾನೂಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊದಲ ಪಂದ್ಯ.

ಯಂತ್ರ ಮತ್ತು ಬಾಯಿಮಾತು

ಗುದ್ದನ್ನು ಯಂತ್ರದಿಂದ ಅಳೆದ ದಾಖಲೆಗಳೂ ಇವೆ. ನನಗೆ ಹೆಚ್ಚು ಪ್ರಿಯವಾದದ್ದು 1985ರದು. ಮುಂದೆ ಟೈಸನ್ ಮತ್ತು ಲೂಯಿಸ್ ಇಬ್ಬರನ್ನೂ ಎದುರಿಸಲಿದ್ದ ಫ್ರಾಂಕ್ ಬ್ರೂನೊನ ಗುದ್ದನ್ನು ಬ್ರಿಟನ್ನಿನ ಸಂಶೋಧಕರು ಅಳೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಗುರಿ ತಾಗಿದ 14 ಮಿಲಿಸೆಕೆಂಡುಗಳಲ್ಲಿ ಬಲ 4,096 ನ್ಯೂಟನ್‌ಗೆ ಏರಿತು. ಆರು ಕಿಲೋ ತೂಕದ, ಮೆತ್ತೆ ಸುತ್ತಿದ ಮರದ ಕೊಡತಿ ಗಂಟೆಗೆ 20 ಮೈಲಿ ವೇಗದಲ್ಲಿ ಬಡಿದಂತೆ ಎಂದು ಅವರು ಹೋಲಿಸಿದರು. ಆ ಹೋಲಿಕೆ ಓದಿದ ದಿನ ನಮ್ಮೂರಿನ ಬಡಗಿಯ ಕೊಡತಿಯನ್ನು ಕೈಯಲ್ಲಿ ಎತ್ತಿ ನೋಡಿದ್ದೆ. ಅದು ಎರಡು ಕಿಲೋ ಕೂಡ ಇರಲಿಲ್ಲ.

ಆದರೂ ಯಂತ್ರದ ಅಂಕಿಯನ್ನು ಎದುರಾಳಿಗಳ ಹೋಲಿಕೆಗೆ ಬಳಸಬೇಡಿ. ಒಬ್ಬೊಬ್ಬನನ್ನು ಒಂದೊಂದು ಯಂತ್ರದಲ್ಲಿ, ಒಂದೊಂದು ಕಾಲದಲ್ಲಿ ಅಳೆದಿದ್ದಾರೆ. ಲಿಸ್ಟನ್, ಫೋರ್‌ಮನ್, ಬ್ರೂನೊ ಮೂವರನ್ನೂ ಒಂದೇ ಅಳತೆಗೋಲಿಗೆ ಹಿಡಿದವರಿಲ್ಲ. ಯಂತ್ರ ತಪ್ಪಿಸಿಕೊಳ್ಳುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ.

ಗುದ್ದು ತಿಂದವರ ಮಾತನ್ನು ಮಾತ್ರ ನಾನು ಆಸಕ್ತಿಯಿಂದ ಕೂಡಿಟ್ಟುಕೊಳ್ಳುತ್ತೇನೆ. ಶೇವರ್ಸ್‌ನ ಗುದ್ದಿಗೆ ಆಫ್ರಿಕಾದಲ್ಲಿರುವ ತನ್ನ ಬಂಧುಬಳಗವೂ ನಡುಗಿತು ಎಂದು ಅಲಿ ಹೇಳಿದ್ದು ಪ್ರಸಿದ್ಧ. ಸಾಕ್ಷಿಯನ್ನು ತೂಗುವಾಗ ಅದನ್ನು ಹೇಳಿ ಅವನಿಗೆ ಏನು ಲಾಭ ಎಂದು ಕೇಳಬೇಕು. ಗೆದ್ದವನು ಸೋತವನ ಗುದ್ದನ್ನು ಹೊಗಳಿದರೆ ತನ್ನ ಗೆಲುವೂ ದೊಡ್ಡದಾಗುತ್ತದೆ. ಸೋತವನು ತನ್ನನ್ನು ಕೆಡವಿದವನ ಗುದ್ದನ್ನು ಹೊಗಳಿದರೆ ಸೋಲಿನ ನೋವು ಕಡಿಮೆಯಾಗುತ್ತದೆ. ಹೋಮ್ಸ್‌ನನ್ನು ನಿಲ್ಲಿಸಿದವನು ಟೈಸನ್, ಶೇವರ್ಸ್‌ನನ್ನು ಹೋಮ್ಸ್ ಎರಡು ಸಲ ಸೋಲಿಸಿದ್ದ. ಆದರೂ ಟೈಸನ್‌ಗಿಂತ ಶೇವರ್ಸ್‌ನ ಗುದ್ದೇ ಭಾರ ಎಂದು ಅವನು ಹೇಳುತ್ತ ಬಂದಿದ್ದಾನೆ. ಎರಡನ್ನೂ ತಿಂದವನ ಮಾತು, ಇಬ್ಬರನ್ನೂ ಹೋಲಿಸಿ ಆಡಿದ ಮಾತು. ನನ್ನ ಲೆಡ್ಜರಿನಲ್ಲಿ ಇದಕ್ಕೆ ಕೆಂಪು ಶಾಯಿಯ ಗೆರೆ ಇದೆ.

ವಿಡಿಯೋ ನೋಡುವ ಬಗೆ

ಹಳೆಯ ಪಂದ್ಯಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಧ್ವನಿಯನ್ನು ಪೂರ್ತಿ ತೆಗೆದುಬಿಡಿ, ಏಕೆಂದರೆ ವೀಕ್ಷಕ ವಿವರಣೆ ಮತ್ತು ಜನರ ಕೂಗು ಕಣ್ಣನ್ನು ದಾರಿ ತಪ್ಪಿಸುತ್ತವೆ. ಗುದ್ದುವವನನ್ನು ನೋಡಬೇಡಿ, ತಿನ್ನುವವನ ಮೊಣಕಾಲುಗಳನ್ನು ನೋಡಿ. ತಲೆ ಹಿಂದಕ್ಕೆ ಹೋದದ್ದು ಕೆಲವೊಮ್ಮೆ ತಪ್ಪಿಸಿಕೊಳ್ಳುವ ಉಪಾಯ, ಮೊಣಕಾಲಿಗೆ ನಟಿಸಲು ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ತಡೆದ ಗುದ್ದು. ತೋಳಿನ ಮೇಲೆ, ಗ್ಲೌಸ್ ಮೇಲೆ ಬಿದ್ದ ಗುದ್ದಿಗೆ ಎದುರಿನವನ ದೇಹ ಎಷ್ಟು ಸರಿಯುತ್ತದೆ? ಕಿನ್ಶಾಸಾದ ಪಂದ್ಯದ ಐದನೇ ಸುತ್ತನ್ನು ನಿಧಾನ ಮಾಡಿ ನೋಡಿ. ಅಲಿ ಹಗ್ಗಕ್ಕೆ ಒರಗಿ ತೋಳುಗಳಿಂದ ಮುಖ ಮುಚ್ಚಿಕೊಂಡಿದ್ದಾನೆ, ಫೋರ್‌ಮನ್ ಮುಂಗೈ, ಪಕ್ಕೆಲುಬುಗಳ ಮೇಲೆ ಬಡಿಯುತ್ತಿದ್ದಾನೆ. ಒಂದೊಂದು ಏಟಿಗೂ ಅಲಿಯ ಇಡೀ ದೇಹ ಪಕ್ಕಕ್ಕೆ ಹೋಗಿ ಬರುತ್ತದೆ. ತಡೆದ ಗುದ್ದಿಗೇ ಹೀಗಾದರೆ ತಗುಲಿದ ಗುದ್ದಿನ ಬೆಲೆ ಏನಿರಬಹುದೆಂದು ಆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಯಾವ ಅಂಕಿಪಟ್ಟಿಯಿಂದಲೂ ಇದು ನನಗೆ ತಿಳಿದಿರಲಿಲ್ಲ.

ಎರಡು ಪುಟಗಳ ತಾಳೆ

ಈಗ ಅಂಕ ಹಾಕೋಣ. ನಾನು 20 ಅಂಕಗಳ ಪದ್ಧತಿ ಇಟ್ಟುಕೊಂಡಿದ್ದೇನೆ: ಕೆಡವಿದವರ ಗುಣಕ್ಕೆ 10, ಕೆಡವಿದ ರೀತಿಗೆ 5, ಬಲ ಕೊನೆಯ ಸುತ್ತುಗಳವರೆಗೆ ಉಳಿಯುವುದಕ್ಕೆ 5. ಅಂಕಗಳು ನನ್ನವು, ನೀವು ಬೇರೆ ಹಾಕಬಹುದು. ಒಂದೇ ಷರತ್ತು, ಎಲ್ಲರಿಗೂ ಒಂದೇ ಕೈಯಿಂದ ಹಾಕಬೇಕು.

ಅಲಿಯ ಪುಟ: ಫೋರ್‌ಮನ್ 10, 5, 3, ಒಟ್ಟು 18. ಲಿಸ್ಟನ್ 9, 5, 2, ಒಟ್ಟು 16. ಶೇವರ್ಸ್ 8, 5, 3, ಅವನೂ 16. ಫ್ರೇಜಿಯರ್ 7, 4, 5, ಮತ್ತೆ 16. ರಾನ್ ಲೈಲ್ 13. 1976ರಲ್ಲಿ ಫೋರ್‌ಮನ್ನನನ್ನೇ ಎರಡು ಸಲ ಕೆಡವಿ ಸೋತವನು ಅವನು. ಕೂಪರ್ 11, ಎಡಗೈ ಒಂದನ್ನೇ ನಂಬಿದ ಮನುಷ್ಯ, ಆದರೆ ಆ ಎಡಗೈ ಎಂಥದು! ನಾರ್ಟನ್ ಅಲಿಯ ದವಡೆ ಮುರಿದವನಾದರೂ ಒಂದು ಗುದ್ದಿಗೆ ಮಲಗಿಸುವ ಪೈಕಿ ಅಲ್ಲ, 10.

ಲೂಯಿಸ್ ಪುಟ: ಟುವಾ 17. ಟೈಸನ್ 15. 2002ರ ಜೂನ್‌ನಲ್ಲಿ ಮೆಂಫಿಸ್‌ಗೆ ಬಂದ ಟೈಸನ್‌ಗೆ 35 ವರ್ಷ, 49 ಗೆಲುವು, 43 ನಾಕೌಟ್. ಕೈಯಲ್ಲಿ ಬಲ ಉಳಿದಿತ್ತು, ಎಂಟು ಸುತ್ತು ಅದನ್ನು ಹೊತ್ತು ನಡೆಯುವ ಕಾಲು ಉಳಿದಿರಲಿಲ್ಲ. ರೇಜರ್ ರಡಕ್ 14. ವಿಟಾಲಿ ಕ್ಲಿಟ್ಸ್ಕೊ 13, ಬ್ರೂನೊ 13. ವಿಟಾಲಿ 33 ಪಂದ್ಯಗಳಲ್ಲಿ 31 ನಾಕೌಟ್ ಮಾಡಿದ್ದ, ಆದರೆ ಆವರೆಗೆ ಬಿದ್ದವರ ಪಟ್ಟಿ ತೆಳುವಾಗಿತ್ತು. ರಹಮಾನ್, ಶಾನನ್ ಬ್ರಿಗ್ಸ್, ಟಾಮಿ ಮಾರಿಸನ್ ತಲಾ 12.

ಮೇಲಿನ ನಾಲ್ವರನ್ನು ಕೂಡಿಸಿದರೆ ಅಲಿಗೆ 66, ಲೂಯಿಸ್‌ಗೆ 59. ಆದರೆ 12 ಅಥವಾ ಅದಕ್ಕಿಂತ ಹೆಚ್ಚು ಅಂಕದವರು ಅಲಿಯ ಪುಟದಲ್ಲಿ ಐವರು, ಲೂಯಿಸ್ ಪುಟದಲ್ಲಿ ಎಂಟು ಮಂದಿ. ಎತ್ತರದ ಶಿಖರಗಳು ಅಲಿಯ ಕಡೆ, ಗುಡ್ಡಗಳ ಸಾಲು ಲೂಯಿಸ್ ಕಡೆ. ಇಲ್ಲಿಗೆ ನಿಲ್ಲಿಸಿದವರು ಇಬ್ಬರೂ ಸಮ ಎಂದು ಬರೆದುಬಿಡುತ್ತಾರೆ. ನಾನು ಇನ್ನೊಂದು ಕಲಂ ಸೇರಿಸುತ್ತೇನೆ: ಆ ಗುದ್ದುಗಳ ಮಳೆಯಲ್ಲಿ ಎಷ್ಟು ಸುತ್ತು ನಿಂತಿದ್ದ?

ಅಲಿ ಫ್ರೇಜಿಯರ್ ಎದುರು ಮೂರು ಪಂದ್ಯಗಳಲ್ಲಿ 15, 12, 14, ಒಟ್ಟು 41 ಸುತ್ತು. ಶೇವರ್ಸ್ 15, ಲೈಲ್ 11, ಫೋರ್‌ಮನ್ 8, ಲಿಸ್ಟನ್ ಎರಡೂ ಪಂದ್ಯ ಸೇರಿ 7. ಐದು ಜನರೊಂದಿಗೆ 82 ಸುತ್ತು. ಲೂಯಿಸ್ ತನ್ನ ಎಂಟು ಮಂದಿಯೊಂದಿಗೆ ಆಡಿದ್ದು 55. ರಡಕ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ್ದು ಲೂಯಿಸ್‌ನ ಹೆಚ್ಚುಗಾರಿಕೆ, ಅದನ್ನು ನಾನು ಬೇರೆ ಕಡೆ ಮೆಚ್ಚಿ ಬರೆದಿದ್ದೇನೆ. ಆದರೆ ಯಾರು ಹೆಚ್ಚು ಭಾರ ಹೊತ್ತರು ಎಂಬ ಪ್ರಶ್ನೆಗೆ ಉತ್ತರ ಆ 82ರಲ್ಲಿದೆ. ಅಲಿಯ ಕೊನೆಯ ವರ್ಷಗಳ ನಡುಗುವ ಕೈ ನೆನಪಾದಾಗಲೆಲ್ಲ ನಾನು ಆ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತೇನೆ.

ಸೋದರಳಿಯನ ವೈಲ್ಡರ್‌ಗೂ ಇದೇ ಪರೀಕ್ಷೆ ಮಾಡಿದೆ. ಅವನ ಮೊದಲ ಮೂವತ್ತು ಚಿಲ್ಲರೆ ನಾಕೌಟ್‌ಗಳ ಎದುರಾಳಿಗಳಲ್ಲಿ ಹೆಚ್ಚಿನವರು ದುರ್ಬಲರು. ನಲವತ್ತರಲ್ಲಿ ಒಬ್ಬನೇ, ಬರ್ಮೇನ್ ಸ್ಟಿವರ್ನ್, 2015ರಲ್ಲಿ ಹನ್ನೆರಡು ಸುತ್ತು ನಿಂತ. 2017ರಲ್ಲಿ ಅವನೂ ಮೊದಲ ಸುತ್ತಿನಲ್ಲೇ ಉರುಳಿದ. ಅಲ್ಲಿಯವರೆಗೆ ಸೋಲನ್ನೇ ಕಾಣದ ಲೂಯಿಸ್ ಓರ್ಟಿಜ್‌ನನ್ನು 2018ರಲ್ಲಿ ಹತ್ತನೇ ಸುತ್ತಿನಲ್ಲಿ, ಮರುವರ್ಷ ಏಳನೇ ಸುತ್ತಿನಲ್ಲಿ ಮುಗಿಸಿದ್ದಾನೆ. ಫ್ಯೂರಿಯನ್ನು ಮೊದಲ ಪಂದ್ಯದ ಒಂಬತ್ತು ಮತ್ತು ಹನ್ನೆರಡನೇ ಸುತ್ತುಗಳಲ್ಲಿ, ಮೂರನೇ ಪಂದ್ಯದ ನಾಲ್ಕನೇ ಸುತ್ತಿನಲ್ಲಿ ಎರಡು ಸಲ ಕೆಡವಿದ್ದಾನೆ. 7, 5, 5, ಒಟ್ಟು 17. ಅಂಕಿ ದುರ್ಬಲರ ಮೇಲೆ ಕಟ್ಟಿದ್ದಾದರೂ ಬಲ ನಿಜವಾದದ್ದೇ. “ನೋಡಿದಿರಾ ಮಾವ, ಫೋರ್‌ಮನ್‌ಗಿಂತ ಒಂದೇ ಅಂಕ ಕಡಿಮೆ” ಎಂದು ಅವನು ಹಿಗ್ಗಿದ. ಒಪ್ಪಿಕೊಂಡೆ. ಫ್ಯೂರಿ ಆ 17ರ ಮುಂದೆ ಮೂರು ಪಂದ್ಯಗಳಲ್ಲಿ 30 ಸುತ್ತು ನಿಂತಿದ್ದಾನೆ ಎಂಬುದನ್ನೂ ನಾನೇ ಬರೆದುಕೊಟ್ಟೆ. ಫ್ಯೂರಿಯ ಪುಟದಲ್ಲಿ ಎರಡನೆಯ, ಮೂರನೆಯ, ನಾಲ್ಕನೆಯ ಹೆಸರು ಯಾವುದು ಎಂದು ಕೇಳಿದಾಗ ಅವನು ವ್ಲಾಡಿಮಿರ್ ಕ್ಲಿಟ್ಸ್ಕೊ ಎಂದು ಒಂದು ಹೆಸರು ಹೇಳಿ ಯೋಚನೆಗೆ ಬಿದ್ದ. ಆ ಪುಟ ಅವನ ಕೈಯಲ್ಲೇ ಇದೆ, ಸಂಕ್ರಾಂತಿಗೆ ಬರುವಾಗ ತುಂಬಿ ತರುವುದಾಗಿ ಹೇಳಿದ್ದಾನೆ.

ಒಂದು ಸಾಲು ಮಾತ್ರ ನನ್ನ ಲೆಡ್ಜರಿನಲ್ಲಿ ಪದ್ಧತಿಗೆ ಹೊಂದದೆ ನಿಂತಿದೆ. ಕ್ಲೀವ್‌ಲ್ಯಾಂಡ್ ವಿಲಿಯಮ್ಸ್. 1959ರಲ್ಲಿ ಲಿಸ್ಟನ್‌ನ ಮೂಗಿನಿಂದ ರಕ್ತ ಹರಿಸಿದ ವಿಲಿಯಮ್ಸ್‌ಗೆ ನಾನು 14 ಕೊಟ್ಟಿದ್ದೇನೆ. 1964ರ ನವೆಂಬರಿನಲ್ಲಿ ಟೆಕ್ಸಾಸ್‌ನಲ್ಲಿ ಪೊಲೀಸನೊಬ್ಬನ ಗುಂಡು ಅವನ ಹೊಟ್ಟೆ ಹೊಕ್ಕಿತು. ಹಲವು ಶಸ್ತ್ರಚಿಕಿತ್ಸೆಗಳಾದವು, ಒಂದು ಮೂತ್ರಪಿಂಡ ಹೋಯಿತು. ಎರಡು ವರ್ಷಗಳ ನಂತರ, 1966ರ ನವೆಂಬರ್ 14ರಂದು ಹ್ಯೂಸ್ಟನ್‌ನಲ್ಲಿ ಅಲಿಯ ಎದುರು ಬಂದು ಮೂರನೇ ಸುತ್ತಿನಲ್ಲಿ ಸೋತ. ಗುದ್ದುಗಾರನ ಬಲವನ್ನು ವರ್ಷ ಕಳೆದಂತೆ ಕಳೆಯಬೇಡಿ ಎಂದು ಮೇಲೆ ಬರೆದೆ. ವರ್ಷಕ್ಕೂ ಗುಂಡಿಗೂ ಅಂತರವಿದೆ. ಹಾಗಾಗಿ ಅಲಿಯ ಪುಟದಲ್ಲಿ ಅದೇ ಹೆಸರಿನ ಮುಂದೆ 6 ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಶಾಯಿಯಲ್ಲಿ ಬರೆಯಲು ಇನ್ನೂ ಕೈ ಬಂದಿಲ್ಲ.